ದೊಡ್ಡವರಿಗೆ ವಾರ್ನಿಷ್ ಬಳಿದದ್ದು

ನಮ್ಮೂರಲ್ಲಿ ನಿಮ್ಮ ಮನೆಯ ಯಜಮಾನರು ಯಾರು ಎಂದು ಕೇಳಿದರೆ ಯಾರೂ ಗಂಡಸಿನ ಹೆಸರು ಹೇಳುವುದಿಲ್ಲ, ಹೆಂಗಸಿನ ಹೆಸರೂ ಹೇಳುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಮರದ ಸಾಮಾನು ಯಾವುದೋ ಅದೇ ಯಜಮಾನ. ನಮ್ಮ ಮನೆಯಲ್ಲಿ ಅದು ಬೀಟೆ ಮರದ ಪೆಟಾರಿ. ಮುತ್ತಜ್ಜನಿಗಿಂತ ಹಿಂದಿನದು, ಒಳಗೆ ಇಬ್ಬರು ಮುದುಡಿಕೊಂಡು ಮಲಗುವಷ್ಟು ದೊಡ್ಡದು. ಎದುರು ಮನೆಯಲ್ಲಿ ಕಪಾಟು, ಮೂಲೆಮನೆಯಲ್ಲಿ ಮಂಚ. ನಾವು ಅವುಗಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡವರು ಎನ್ನುತ್ತೇವೆ. ಏನೇ ಮಾಡುವುದಿದ್ದರೂ ದೊಡ್ಡವರ ಮುಂದೆ ನಿಂತು ಕೇಳಬೇಕು. ಅವರು ಒಂದು ಸಲ ಕಿರ್ ಎಂದರೆ ಆಗಲಿ, ಎರಡು ಸಲ ಕಿರ್ ಕಿರ್ ಎಂದರೆ ಬೇಡ. ಒಮ್ಮೆ ಕೇಳಿದ್ದಕ್ಕೆ ಉತ್ತರ ಬರುವ ತನಕ ಅದನ್ನೇ ಮತ್ತೆ ಕೇಳುವಂತಿಲ್ಲ. ಹಿರಿಯರಿಗೆ ಕಿವಿ ಮಂದವೇ ಎಂದು ಹೀಯಾಳಿಸಿದಂತೆ ಆಗುತ್ತದೆ.

ಮಳೆಗಾಲದಲ್ಲಿ ಮರ ಉಬ್ಬುತ್ತದಾದ್ದರಿಂದ ಎಲ್ಲ ಮನೆಗಳಲ್ಲೂ ಬೇಡ, ಬೇಡ, ಬೇಡ. ಬೇಸಿಗೆಯಲ್ಲಿ ಒಣಗಿ ಸಡಿಲವಾದಾಗ ಕೇಳಿದ್ದಕ್ಕೆಲ್ಲ ಆಗಲಿ. ಹೀಗಾಗಿ ನಮ್ಮೂರಿನ ಮದುವೆ, ಪಾಲು, ಹೊಸ ಮನೆ, ಹಳೇ ಜಗಳ, ಎಲ್ಲ ದಡ್ಡ ಕೆಲಸಗಳೂ ಬೇಸಿಗೆಯಲ್ಲೇ ನಡೆಯುವುದು. ಬೇಸಿಗೆಯಲ್ಲಿ ಸಿಕ್ಕ ಅಪ್ಪಣೆಗೆ ಮೊದಲ ಮಳೆಯವರೆಗೆ ಮಾತ್ರ ಬೆಲೆ. ಅಷ್ಟರೊಳಗೆ ಎಲೆ ಅಡಿಕೆ ತಟ್ಟೆ ಕೈ ದಾಟಿ ಮಾತು ಗಟ್ಟಿಯಾಗದಿದ್ದರೆ, ಹನಿ ಬಿತ್ತೆಂದರೆ ಮತ್ತೆ ಮೊದಲಿನಿಂದ ಕೇಳಬೇಕು. ದೊಡ್ಡವರ ಮಾತು ಮೀರಿದವರೂ ಇಲ್ಲದಿಲ್ಲ. ಅಂಥವರ ಮನೆಯಲ್ಲಿ ಊರವರು ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ.

ಹೆತ್ತವರನ್ನು ಸರಿಯಾಗಿ ನೋಡಿಕೊಳ್ಳದವರು ನಮ್ಮೂರಲ್ಲಿ ಸಿಕ್ಕಾರು, ಹಳೇ ಮರವನ್ನು ನೋಡಿಕೊಳ್ಳದವರು ಸಿಗಲಾರರು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡುವುದಿಲ್ಲ, ಸೀಳು ಬಿಟ್ಟರೆ ದೊಡ್ಡವರ ಸ್ವಭಾವ ಕೆಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ತಪ್ಪಿಗೆ ಸೊಸೆಯನ್ನು ತವರಿಗೆ ಕಳಿಸಿದವರಿದ್ದಾರೆ. ಜಾಗ ಬದಲಿಸುವಾಗ ಎಳೆಯುವಂತಿಲ್ಲ, ನಾಲ್ಕು ಜನ ಎತ್ತಬೇಕು. ಕಾಲ ಕೆಳಗೆ ಕಲ್ಲು, ಒಳಗೆ ಒಣಬೇವು ಮತ್ತು ಕರ್ಪೂರ, ಹಬ್ಬ ಬಂದಾಗ ಅಗಸೆ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣದ ಲೇಪ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಬಾರದೇ ಎಂಬ ವಿಷಯದಲ್ಲಿ ಊರಲ್ಲಿ ಎರಡು ಪಂಗಡಗಳಿವೆ. ಹಚ್ಚಬಹುದು ಎನ್ನುವವರ ಮನೆಗಳಲ್ಲಿ ಇರುವೆ ಜಾಸ್ತಿ. ಒಮ್ಮೆ ಬ್ಯಾಂಕಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ತಮ್ಮ ಪ್ಲೈವುಡ್ ಮೇಜಿನ ಮುಂದೆ ಕೈಕಟ್ಟಿ ನಿಂತು ವಾರಗಟ್ಟಲೆ ಕಾದರು. ಕೊನೆಗೆ ನಮ್ಮಮ್ಮನೇ ಹೋಗಿ, "ಪ್ಲೈವುಡ್‌ಗೆ ತನ್ನಪ್ಪ ಯಾವ ಮರ ಅಂತಾನೇ ಗೊತ್ತಿಲ್ಲ ಸಾರ್, ನಿಮಗೇನು ಬುದ್ಧಿ ಹೇಳೀತು?" ಎಂದು ತಿಳಿಹೇಳಿ, ಒಂದು ಹಳೇ ಸ್ಟೂಲನ್ನು ಕಡ ಕೊಡಿಸಿದಳು. ಆಮೇಲೆ ಅವರಿಗೂ ಬದುಕು ಸಲೀಸಾಯಿತು.

ಇಂಥ ಊರಲ್ಲಿ ನಮ್ಮಪ್ಪ ಗುರುಪಾದಪ್ಪ ಪೆಟಾರಿಗೆ ವಾರ್ನಿಷ್ ಬಳಿದ. ನಮ್ಮದು ಹೊಲಿಗೆ ಅಂಗಡಿ. ಅಪ್ಪ ಕತ್ತರಿ ಹಿಡಿದರೆ ಒಂದು ನೂಲು ಆಚೀಚೆ ಆಗುವುದಿಲ್ಲ, ಆದರೆ ಅಂಗಡಿಯಿಂದ ಮನೆಗೆ ಬಂದನೆಂದರೆ ಸ್ನಾನಕ್ಕೆ ಬಿಸಿನೀರೋ ತಣ್ಣೀರೋ ಎಂಬುದನ್ನೂ ಪೆಟಾರಿಗೇ ಬಿಡುವ ಮನುಷ್ಯ. ಅಕ್ಕನ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಅವರ ಮನೆಯ ದೊಡ್ಡವರು ಕನ್ನಡಿಯಂಥ ಬೀರು ಎಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಅಪ್ಪ ಪೇಟೆಯಿಂದ ಒಂದು ಡಬ್ಬಿ ವಾರ್ನಿಷ್ ತಂದು, ಬ್ರಷ್ ಅದ್ದಿಕೊಂಡೇ ಪೆಟಾರಿಯ ಮುಂದೆ ನಿಂತ. "ದೊಡ್ಡವರೇ, ಸ್ವಲ್ಪ ಹೊಳಪು ಬರ್ಸೋಣ್ವಾ?" ಎಂದ. ಪೆಟಾರಿ ಕಿರ್ ಎಂದಿತು. ಅಪ್ಪ ತಡಮಾಡದೆ ಬ್ರಷ್ ಎಳೆದ. ಬ್ರಷ್ಷಿನ ಅಡಿಯಿಂದ ಇನ್ನೊಂದು ಕಿರ್ ಬಂತು.

"ಎರಡನೇದು ಕೇಳಿಸ್ತು," ಎಂದಳು ಅಮ್ಮ. ಅಮ್ಮನ ಹೆಸರು ಬಸಲಿಂಗಮ್ಮ. ಕೇಳಿಸಿದ್ದನ್ನು ಮರೆಯುವುದು ಅವಳ ಜಾತಕದಲ್ಲೇ ಇಲ್ಲ.

"ಅದು ಬ್ರಷ್ಷಿನ ಸದ್ದು ಕಣೇ," ಎಂದು ಅಪ್ಪ ಒಂದರ ಮೇಲೊಂದು ಕೋಟು ಬಳಿದು ಡಬ್ಬಿ ಖಾಲಿ ಮಾಡಿದ.

ಬೀಗರು ಬಂದು ಪೆಟಾರಿಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರು. ಅಕ್ಕನ ಮದುವೆಗೆ ಮೊದಲೇ ಅಪ್ಪಣೆಯಾಗಿತ್ತು, ಅವಳು ಗಂಡನ ಮನೆಗೆ ಹೋದಳು. ಅವಳನ್ನು ಕಳಿಸಿ ಬಂದ ದಿನ ಅಪ್ಪ ಹೆಮ್ಮೆಯಿಂದ, "ಹೊಳಪು ಚೆನ್ನಾಗೈತಾ ದೊಡ್ಡವರೇ?" ಎಂದು ಕೇಳಿದ. ಉತ್ತರವಿಲ್ಲ. ಮುದುಕರು, ನಿದ್ದೆ ಬಂದಿರಬೇಕು ಎಂದುಕೊಂಡೆವು. ಮಾರನೇ ದಿನ ಎಮ್ಮೆ ಮಾರುವ ವಿಷಯ ಕೇಳಿದೆವು. ಅದಕ್ಕೂ ಇಲ್ಲ. ಮುಖಕ್ಕೆ ಅಂಟು ಬಳಿಸಿಕೊಂಡವರು ಬಾಯಿ ಬಿಡುವುದಾದರೂ ಹೇಗೆ? ನಮ್ಮ ದೊಡ್ಡವರು ಥಳಥಳ ಹೊಳೆಯುತ್ತಾ ಮೂಕರಾಗಿ ಕೂತುಬಿಟ್ಟರು.

ಅಲ್ಲಿಗೆ ನಮ್ಮ ಮನೆ ನಿಂತುಹೋಯಿತು. ನಡುಮನೆಯ ಗೋಡೆಗೆ ಅರ್ಧ ಸುಣ್ಣ ಬಳಿದಾಗಿತ್ತು, ಇನ್ನರ್ಧಕ್ಕೆ ಹಳದಿ ಬಳಿಯೋಣವೇ ಎಂದು ಕೇಳಿದ್ದೆವು, ಅದು ಹಾಗೇ ಉಳಿಯಿತು. ಮಾರಬೇಕೋ ಬೇಡವೋ ಎಂದು ನಾವು ಕಾಯುತ್ತಿರುವಾಗಲೇ ಎಮ್ಮೆ ಮುದಿಯಾಗಿ ಸತ್ತಿತು. ನುಗ್ಗೆಮರ ಪಕ್ಕದ ಮನೆಯ ಹೆಂಚಿನ ಮೇಲೆ ಒರಗಿಕೊಂಡಿತು. ಅಪ್ಪನ ದವಡೆ ಹಲ್ಲು ಹುಳುಕಾಯಿತು. ಕೀಳಿಸೋಣವೇ ಎಂದು ಕೇಳಿ, ಉತ್ತರವಿಲ್ಲದೆ, ವರ್ಷಗಟ್ಟಲೆ ಎಡಗಡೆಯಲ್ಲೇ ಅಗಿದು ಅವನ ಮುಖ ಒಂದು ಕಡೆಗೆ ದಪ್ಪಗಾಯಿತು. ಬೇರೆ ಮನೆಯ ದೊಡ್ಡವರನ್ನು ಕೇಳೋಣವೆಂದರೆ, ಸ್ವಂತ ಹಿರಿಯರು ಜೀವದಿಂದಿರುವಾಗ ಇನ್ನೊಬ್ಬರ ಹಿರಿಯರ ಕಾಲು ಹಿಡಿಯುವುದು ನಮ್ಮೂರಲ್ಲಿ ಮಹಾಪಾಪ. ನನಗೆ ಒಂದು ಹುಡುಗಿ ನೋಡಿದರು, ಕೇಳಿದರು, ಕಾದರು. ಆ ಹುಡುಗಿ ಕಾಯಲಿಲ್ಲ. ಈಗ ಅವಳ ಮಗನ ಶಾಲೆಯ ಚಡ್ಡಿಯನ್ನು ನಾನೇ ಹೊಲಿದುಕೊಡುತ್ತೇನೆ.

ವಾರ್ನಿಷ್ ಕೆರೆಸಿಬಿಡೋಣವೆಂದು ಬಡಗಿ ಕಾಳಾಚಾರಿಯನ್ನು ಕರೆಸಿದೆವು. ಅವನು ಉಳಿ ಹೊರಗೇ ಇಟ್ಟು ಒಳಗೆ ಬಂದ. "ದೊಡ್ಡವರ ಮೈಮೇಲೆ ಉಳಿ ಇಡೋಕೆ ದೊಡ್ಡವರ ಅಪ್ಪಣೆ ಬೇಕು. ಕೇಳಿದ್ರಾ?" ಎಂದ.

"ಅವರು ಮಾತಾಡೋ ಹಂಗಿದ್ರೆ ನಿನ್ನ ಯಾಕಪ್ಪ ಕರೀತಿದ್ವಿ?" ಎಂದಳು ಅಮ್ಮ.

"ಹಂಗಾದ್ರೆ ಅವರು ಮಾತಾಡಿದ ಮೇಲೆ ಕರೀರಿ," ಎಂದು ಕಾಳಾಚಾರಿ ಉಳಿ ತೆಗೆದುಕೊಂಡು ಹೊರಟ. ತಪ್ಪು ಅವನದಲ್ಲ, ಅವನಿಗೂ ಊರಲ್ಲಿ ಬಾಳಬೇಕು.

ಹೀಗೆ ಕೊಳೆಯುತ್ತಿದ್ದ ನನ್ನ ಬಾಳಿಗೆ ದಾಕ್ಷಾಯಿಣಿ ಬಂದಳು. ಅವಳದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆ ಸದಾ ರಾಗಿ ಹಿಟ್ಟು, ಗಿರಣಿಯ ಸದ್ದಿಗೆ ಪಳಗಿದ ಗಟ್ಟಿ ಗಂಟಲು. ಪಿಸುಮಾತು ಆಡಿದರೂ ಮೂರು ಮನೆಗೆ ಕೇಳುತ್ತದೆ. ಆದ್ದರಿಂದ ನಮ್ಮ ಪ್ರೀತಿಯನ್ನು ಗುಟ್ಟಾಗಿಡುವ ಪ್ರಶ್ನೆಯೇ ಬರಲಿಲ್ಲ. ಅಪ್ಪ ಪೆಟಾರಿಯ ಮುಂದೆ ನಿಂತು, "ಈ ಹುಡುಗೀನ ಮನೆ ತುಂಬಿಸ್ಕೊಳ್ಳೋದಾ?" ಎಂದು ಕೇಳಿದ. ಎಂದಿನಂತೆ ಮೌನ. ಅವಳ ಮನೆಯ ದೊಡ್ಡವರು ಒಂದು ತೂಗುಮಂಚ, ಬಹಳ ಹಟಮಾರಿ. ಎರಡು ಬೇಸಿಗೆ ಬೇಡ ಎಂದಿದ್ದವರು ಈ ಬೇಸಿಗೆಯಲ್ಲಿ ಯಾವ ಗುಂಗಿನಲ್ಲಿದ್ದರೋ, ಕಿರ್ ಎಂದುಬಿಟ್ಟರು. ಅವಳ ಅಣ್ಣ ನಾಗಭೂಷಣ ಕಡ್ಡಿ ಮುರಿದಂತೆ ಹೇಳಿದ: "ಮಳೆ ಬೀಳೋದ್ರೊಳಗೆ ನಿಮ್ಮ ದೊಡ್ಡವರೂ ಹ್ಞೂಂ ಅಂದ್ರೆ ಸರಿ. ಇಲ್ಲಾಂದ್ರೆ ಸಿಮೆಂಟ್ ಅಂಗಡಿಯವರ ಸಂಬಂಧ ಕಾಯ್ತಾ ಐತೆ. ಅವರ ಮನೆ ಮಂಚ ಕೇಳೋಕೆ ಮುಂಚೆನೇ ಕಿರ್ ಅಂತೈತೆ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಲವತ್ತರ ಹತ್ತಿರ ಬಂದ ಗಂಡಸು ಅಳಬಾರದು ಎನ್ನುತ್ತಾರೆ, ಅಂಥವರಿಗೆ ನಮ್ಮ ಪೆಟಾರಿಯನ್ನು ಒಂದು ವಾರ ಕೊಟ್ಟು ನೋಡಬೇಕು. ದಾಕ್ಷಾಯಿಣಿ ನನ್ನಂತೆ ಕೂತು ಕೊರಗುವವಳಲ್ಲ. ಮರುದಿನ ಗಿರಣಿ ನಿಲ್ಲಿಸಿ ನೇರವಾಗಿ ನಮ್ಮ ಮನೆಗೇ ಬಂದು, ಪೆಟಾರಿಯ ಸುತ್ತ ಒಂದು ಸುತ್ತು ಹಾಕಿ, ಅಮ್ಮನನ್ನು ಕೇಳಿದಳು: "ಅತ್ತೆ, ದಿನಾ ಧೂಳು ಒರೆಸೋಕೆ ಅಪ್ಪಣೆ ಬೇಕಾ?"

"ಬ್ಯಾಡಮ್ಮ. ಸೇವೆಗೆ ಯಾರ ಅಪ್ಪಣೆ?"

"ಎಷ್ಟು ಹೊತ್ತು ಒರೆಸಬೇಕು, ಎಷ್ಟು ಒತ್ತಿ ಒರೆಸಬೇಕು ಅಂತ ಏನಾದ್ರೂ ಐತಾ?"

ಅಮ್ಮ ಒಳಗೆ ಹೋಗಿ ನಾಲ್ಕು ಒಣಬಟ್ಟೆ ತಂದಳು. ಅವತ್ತೇ ಅವಳಿಗೆ ಈ ಸೊಸೆ ಒಪ್ಪಿಗೆಯಾದಳೆಂದು ನನಗೆ ಅನಿಸಿತು.

ಸೇವೆ ಶುರುವಾಯಿತು. ಆದರೆ ಅಪ್ಪ ಬಳಿದ ವಾರ್ನಿಷ್ ಸಾಮಾನ್ಯದ್ದಲ್ಲ. ಹಳೇ ಪಂಚೆಯಲ್ಲಿ ಒರೆಸಿದಷ್ಟೂ ಇನ್ನೂ ಹೊಳೆಯತೊಡಗಿತು. ಸಾಕಾಗಿ ನಾನು ಗೋಣಿತಾಟು ತಂದೆ. ಗೋಣಿಯಲ್ಲಿ ಉಜ್ಜಿದ ಮೊದಲ ದಿನವೇ ಬೀದಿಯ ಹಿರಿಯ ಚನ್ನವೀರಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. "ಒರೆಸೋದು ಬಟ್ಟೆಯಲ್ಲಿ. ಗೋಣಿ ಬಟ್ಟೆಯಲ್ಲ. ಇದು ಒರೆಸೋದಲ್ಲ, ಕೆರೆಯೋದು."

"ಗೋಣಿ ಬಟ್ಟೆಯಲ್ಲ ಅಂತ ಯಾರು ಹೇಳಿದ್ದು?" ಎಂದೆ. ಬಟ್ಟೆಯ ವಿಷಯಕ್ಕೆ ಬಂದರೆ ನಾನೂ ಬಿಡುವವನಲ್ಲ.

ಜಗಲಿಯಲ್ಲಿ ಪಂಚಾಯಿತಿ ಸೇರಿತು. ಮಾತು ಬೆಳೆದು, ಎಲೆ ಅಡಿಕೆ ಮುಗಿದು, ಕೊನೆಗೆ ಮನುಷ್ಯ ಮೈಮೇಲೆ ತೊಟ್ಟು ಪೇಟೆಗೆ ಹೋಗಿ ಬರಬಹುದಾದದ್ದೆಲ್ಲ ಬಟ್ಟೆ ಎಂದು ತೀರ್ಮಾನವಾಯಿತು. ಗೋಣಿ ತೊಟ್ಟು ಯಾರು ತಾನೇ ಹೋದಾನು ಎಂದು ಚನ್ನವೀರಪ್ಪ ನೆಮ್ಮದಿಯಿಂದ ಎದ್ದ. ನಾನು ಅಂಗಡಿಗೆ ಹೋಗಿ ಗೋಣಿಯಲ್ಲಿ ಒಂದು ಅಂಗಿ ಹೊಲಿದೆ. ಕಾಲರು, ಕಫು, ಎದೆಗೆ ಜೇಬು, ಒಂದಕ್ಕೂ ಕಡಿಮೆ ಮಾಡಲಿಲ್ಲ. ಗುಂಡಿಯ ಮನೆಗಳನ್ನು ಅಪ್ಪನೇ ಕೂತು ಕೈಯಲ್ಲಿ ಹೊಲಿದುಕೊಟ್ಟ. ಅದನ್ನು ತೊಟ್ಟು ಆ ಸುಡುಬಿಸಿಲಲ್ಲಿ ಪೇಟೆಯ ಈ ತುದಿಯಿಂದ ಆ ತುದಿಗೆ ನಡೆದೆ. ಮೈಯೆಲ್ಲ ನವೆ ಎದ್ದು ಬೆಂಕಿ ಬಿದ್ದಂತಾಗಿತ್ತು, ಆದರೂ ಕೆರೆದುಕೊಳ್ಳದೆ ಎಲ್ಲರಿಗೂ ನಮಸ್ಕಾರ ಮಾಡುತ್ತಾ ಹೋದೆ. ಬ್ಯಾಂಕಿನ ಅಧಿಕಾರಿ ಒಳ್ಳೇ ಫಿಟ್ಟಿಂಗ್ ಎಂದರು. ಗಿರಣಿಯ ಮುಂದೆ ದಾಕ್ಷಾಯಿಣಿ ನನ್ನನ್ನು ನೋಡಿ ನಗಲಿಲ್ಲ. ಒಳಗೆ ಹೋಗಿ ಬಂದು, "ರಾತ್ರಿ ಮೈಗೆ ಕಡಲೆಹಿಟ್ಟು ಹಚ್ಕೊಳ್ಳಿ," ಎಂದು ಒಂದು ಪೊಟ್ಟಣ ಕೊಟ್ಟಳು. ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಪ್ರೀತಿಯಿಂದ ಏನೂ ಕೊಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಗೋಣಿಯದೇ ರಾಜ್ಯ. ಮನೆಗೆ ಬಂದ ನೆಂಟರಿಗೆ ಮೊದಲು ನೀರು, ಆಮೇಲೆ ಗೋಣಿ, ಆಮೇಲೆ ಕಾಫಿ. ಹಾಲಿನವನು ಒಂದು ಕೈ ಉಜ್ಜಿ ಹೋಗುತ್ತಿದ್ದ. ಉಜ್ಜುವಾಗ ಎಲ್ಲರೂ "ಧೂಳು ಬಹಳ ಐತೆ" ಎಂದು ಗಟ್ಟಿಯಾಗಿ ಹೇಳಬೇಕೆಂದು ಅಮ್ಮನ ಕಟ್ಟಪ್ಪಣೆ. ಅಪ್ಪ ಮಾತ್ರ ಸುಮ್ಮನೆ ಉಜ್ಜುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅವನೇ ಕೂರುತ್ತಿದ್ದ. ಅಂಗೈ ಬೊಬ್ಬೆ ಎದ್ದರೂ ಬಿಡುತ್ತಿರಲಿಲ್ಲ. ಬೇಸಿಗೆ ಮುಗಿಯುತ್ತಾ ಬರುವಷ್ಟರಲ್ಲಿ ಪೆಟಾರಿಯ ಮುಚ್ಚಳದ ಒಂದು ಮೂಲೆಯಲ್ಲಿ ಅಂಗೈಯಗಲ ವಾರ್ನಿಷ್ ಕಿತ್ತುಹೋಗಿ ಕೆಳಗಿನ ಕಪ್ಪು ಮರ ಕಂಡಿತು. ಅಮ್ಮ ಅದಕ್ಕೆ ಎಳೆಗೂಸಿನ ನೆತ್ತಿಗೆ ಹಚ್ಚುವಂತೆ ಮೇಣದೆಣ್ಣೆ ಹಚ್ಚಿದಳು.

ಮುಂದಿನ ವಾರ ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ನಾವು ಊಟಕ್ಕೆ ಕೂತಿದ್ದೆವು. ನಡುಮನೆಯಿಂದ ಕಿರ್ ಕಿರ್ ಎಂದು ಕೇಳಿಸಿತು.

ನನ್ನ ಕೈಯ ತುತ್ತು ಎಲೆಗೆ ಬಿತ್ತು. ಎರಡು ಸಲ. ಮದುವೆಗೆ ಬೇಡ ಎಂದರೇ? ಎದ್ದು ಓಡಿದೆವು. ನಾವು ಹೋಗಿ ನಿಲ್ಲುವಷ್ಟರಲ್ಲಿ ಮತ್ತೆ ಒಂದು ಕಿರ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅಮ್ಮ ಎಂಜಲು ಕೈಯನ್ನು ಎತ್ತಿ ನಮ್ಮನ್ನು ಸುಮ್ಮನಿರಿಸಿ, ಮೇಲೆ ತೊಲೆ ನೋಡುತ್ತಾ ಲೆಕ್ಕ ಹಾಕಿದಳು. "ದೊಡ್ಡವರು ಮೊದಲಿಂದ ಬರ್ತಾ ಅವ್ರೆ," ಎಂದಳು. "ಮೊದಲನೇದು, ಹೊಳಪು ಚೆನ್ನಾಗೈತಾ ಅಂದಿದ್ದಕ್ಕೆ. ಇಲ್ಲವಂತೆ. ಎಮ್ಮೆ ಮಾರಬೋದಂತೆ. ನಿಮ್ಮಪ್ಪನ ಹಲ್ಲು ಕೀಳಿಸಬೋದಂತೆ."

ಅಪ್ಪ ದವಡೆ ಹಿಡಿದುಕೊಂಡು ಗೋಡೆಗೆ ಒರಗಿದ.

ಸುದ್ದಿ ಗಾಳಿಗಿಂತ ಮುಂಚೆ ಬೀದಿಗೆ ಹಬ್ಬಿತು. ಜನ ಜಗಲಿ ತುಂಬಿದರು. ದಾಕ್ಷಾಯಿಣಿ ಮೈತುಂಬ ಹಿಟ್ಟಿನೊಂದಿಗೆ ಓಡಿಬಂದಳು. ನಾಗಭೂಷಣ ಒಳಗೆ ಬರದೆ ಅಂಗಳದಲ್ಲೇ ಬೋಳುತಲೆ ಎತ್ತಿ ಆಕಾಶ ನೋಡುತ್ತಾ ನಿಂತ. ಹನಿ ಬಿದ್ದರೆ ಮೊದಲು ಅವನಿಗೇ ಗೊತ್ತಾಗಬೇಕಲ್ಲ. ಪೆಟಾರಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಒಂದು ಉತ್ತರಕ್ಕೂ ಇನ್ನೊಂದಕ್ಕೂ ನಡುವೆ ಕಾಫಿ ಕಾಸಿ ಕುಡಿಯಬಹುದಿತ್ತು. ಇನ್ನರ್ಧ ಗೋಡೆಗೆ ಹಳದಿ ಬೇಡವಂತೆ. ಹಳೇ ರೇಡಿಯೋ ರಿಪೇರಿ ಆಗಲಂತೆ. ಮೊದಲು ನೋಡಿದ ಹುಡುಗಿಯನ್ನು ನಾನು ಧಾರಾಳವಾಗಿ ಮದುವೆಯಾಗಬಹುದಂತೆ. ಜಗಲಿಯಲ್ಲಿ ನಗು ಎದ್ದಿತು, ದಾಕ್ಷಾಯಿಣಿ ನನ್ನನ್ನು ಹೇಗೆ ನೋಡಿದಳೆಂದರೆ ಅದನ್ನು ಕೇಳಿದ್ದೇ ನಾನೆಂಬಂತೆ. ಗುಡುಗಿತು. ನುಗ್ಗೆಮರ ಕಡಿಯಲು ಅಪ್ಪಣೆಯಾಯಿತು. ಅಮ್ಮ ನನ್ನ ಕಡೆ ತಿರುಗಿ, "ಮುಂದಿನದು ನಿಂದು ತಿಪ್ಪೇಶಿ," ಎಂದಳು.

ಸೆಕೆ. ಒದ್ದೆ ಮಣ್ಣಿನ ವಾಸನೆ ಎಲ್ಲೋ ದೂರದಿಂದ ಬಂತು.

ಕಿರ್.

ನಾನು ದಾಕ್ಷಾಯಿಣಿಯ ಮುಖ ನೋಡಿದೆ. ಅವಳು ನಗಲು ಬಾಯಿ ತೆರೆದಿದ್ದಳು.

ಕಿರ್.

ಅವಳ ಬಾಯಿ ಹಾಗೇ ಉಳಿಯಿತು. ಚನ್ನವೀರಪ್ಪ ಕೂಡ ಕೆಮ್ಮಲಿಲ್ಲ. ಇಷ್ಟು ವರ್ಷ ಕಾದು, ಉಜ್ಜಿ, ಗೋಣಿ ತೊಟ್ಟು, ಕೊನೆಗೆ ಸಿಕ್ಕಿದ್ದು ಇದು. ನಾಗಭೂಷಣ ಬಾಗಿಲಿಗೆ ಬಂದು ತಂಗಿಯ ಕೈ ಹಿಡಿದ. "ನಡಿ," ಎಂದ. ಅವಳು ಕದಲಲಿಲ್ಲ, ಆದರೆ ಎಷ್ಟು ಹೊತ್ತು ನಿಂತಾಳು?

"ಅದು ಅವನದ್ದಲ್ಲ," ಎಂದ ಅಪ್ಪ. "ಅದು ನಂದು."

ಎಲ್ಲರೂ ಅವನ ಕಡೆ ತಿರುಗಿದರು. ಅಪ್ಪ ಗೋಡೆ ಬಿಟ್ಟು ಮುಂದೆ ಬಂದು ಪೆಟಾರಿಯ ಪಕ್ಕದಲ್ಲೇ ನಿಂತ. "ಮಧ್ಯದಲ್ಲಿ ನಾನೊಂದು ಕೇಳಿದ್ದೆ. ಯಾರೂ ಇಲ್ಲದಾಗ. ವಾರ್ನಿಷ್ ಬಳಿದಿದ್ದಕ್ಕೆ ನನ್ನ ಮೇಲೆ ಸಿಟ್ಟೈತಾ ಅಂತ ಕೇಳಿದ್ದೆ. ಇಲ್ಲ ಅಂದ್ರು. ಎರಡು ಸಲ ಅಂದ್ರಲ್ಲ, ಕೇಳಿಸ್ಲಿಲ್ವಾ? ತಿಪ್ಪೇಶಿದು ಇದರ ಮುಂದಿನದು."

ಚನ್ನವೀರಪ್ಪ ಅಮ್ಮನ ಕಡೆ ನೋಡಿದ. ಲೆಕ್ಕದಲ್ಲಿ ಊರು ನಂಬುವುದು ಅವಳನ್ನು. ಅಮ್ಮ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. "ಇದ್ರೂ ಇರಬೋದು," ಎಂದಳು. "ನಾನು ಬಾವಿಗೆ ಹೋದಾಗ ಕೇಳಿರ್ತಾರೆ."

ಮತ್ತೆ ಕಾದೆವು. ನಾಗಭೂಷಣ ಅಂಗಳಕ್ಕೆ ಓಡಿ ತಲೆ ಎತ್ತಿ ನಿಂತ. ಅಷ್ಟು ದೀರ್ಘವಾದ ಹೊತ್ತನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಾಣುವುದು ಬೇಡ. ಆಮೇಲೆ ಪೆಟಾರಿ ಕಿರ್ ಎಂದಿತು. ಸ್ಪಷ್ಟವಾಗಿ, ತೃಪ್ತಿಯಿಂದ ಎಂಬಂತೆ, ಒಂದೇ ಸಲ. ಎರಡನೆಯದಕ್ಕೆ ಎಲ್ಲರೂ ಕಿವಿಗೊಟ್ಟು ನಿಂತೆವು. ಬರಲಿಲ್ಲ. ಅಮ್ಮ ಒಳಗಿನಿಂದ ಎಲೆ ಅಡಿಕೆ ತಟ್ಟೆ ತಂದು ನಾಗಭೂಷಣನ ಕೈಗೆ ತುರುಕಿದಳು. ಅವನು ಅದನ್ನು ಅಪ್ಪನ ಕೈಗೆ ದಾಟಿಸಿ, "ಆಯ್ತು," ಎಂದ. ತಟ್ಟೆ ಕೈ ದಾಟಿದ ಮೇಲೆಯೇ ಅವನ ತಲೆಯ ಮೇಲೆ ಮೊದಲ ಹನಿ ಬಿದ್ದದ್ದು. ಇದಕ್ಕೆ ಇಡೀ ಬೀದಿ ಸಾಕ್ಷಿ.

ಮದುವೆಯಾಯಿತು. ಅಪ್ಪನ ಹಲ್ಲು ಹೋಯಿತು, ಮುಖ ನೆಟ್ಟಗಾಯಿತು. ಮುಂದಿನ ಬೇಸಿಗೆಗೆ ದೊಡ್ಡವರ ಅಪ್ಪಣೆಯನ್ನೇ ಪಡೆದು ಕಾಳಾಚಾರಿ ಉಳಿದ ವಾರ್ನಿಷನ್ನೂ ತೆಗೆದ. ಒಂದು ಸಂಜೆ ಅಮ್ಮ ಮತ್ತು ನಾನು ಪೆಟಾರಿಗೆ ಮೇಣ ಹಚ್ಚುತ್ತಿದ್ದೆವು. ಅಮ್ಮ ಕೈ ನಿಲ್ಲಿಸದೆ ಹೇಳಿದಳು: "ನಿಮ್ಮಪ್ಪ ವಾರ್ನಿಷ್ ಬಳಿದ ಮೇಲೆ ಒಂದು ದಿನನೂ ದೊಡ್ಡವರನ್ನ ಒಬ್ಬರೇ ಏನೂ ಕೇಳಿಲ್ಲ. ಭಯ. ಏನು ಕೇಳೋದಿದ್ರೂ ನನ್ನ ಕರೆದು ಪಕ್ಕಕ್ಕೆ ನಿಲ್ಲಿಸ್ಕೊಂಡೇ ಕೇಳೋರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಹಂಗಾದ್ರೆ ಅವತ್ತು ಬೇಡ ಅಂದಿದ್ದು ನಮ್ಮ ಮದುವೆಗೇನಾ?"

"ಮೋಡ ಕಟ್ಟಿತ್ತಲ್ಲ. ತೇವಕ್ಕೆ ಅಂದಿರ್ತಾರೆ ಬಿಡು," ಎಂದು ಅಡಿಗೆಮನೆಯಿಂದ ದಾಕ್ಷಾಯಿಣಿಯ ದನಿ ಬಂತು. ಈ ಮನೆಯಲ್ಲಿ ಅವಳಿಗೆ ಕೇಳಿಸದ ಮಾತಿಲ್ಲ, ಅವಳ ಮಾತು ಕೇಳಿಸದ ಮೂಲೆಯೂ ಇಲ್ಲ. ಅವಳಿಗೆ ಎಂದೋ ಗೊತ್ತಿತ್ತೆಂದು ಕಾಣುತ್ತದೆ.

ಬಿಸಿನೀರಿಗೂ ತಣ್ಣೀರಿಗೂ ಅಪ್ಪಣೆ ಕೇಳುವ ನಮ್ಮಪ್ಪ, ಇಡೀ ಊರಿನ ಎದುರು, ದೊಡ್ಡವರ ಪಕ್ಕದಲ್ಲೇ ನಿಂತು, ದೊಡ್ಡವರ ಹೆಸರಲ್ಲಿ ಸುಳ್ಳು ಹೇಳಿದ್ದ. ನನಗೆ ಕಣ್ಣು ತುಂಬಿ ಬಂತು. "ಆಮೇಲೆ ಒಂದು ಕಿರ್ ಅಂದ್ರಲ್ಲ, ಅದು ಯಾವುದಕ್ಕೆ?" ಎಂದೆ.

"ಅದು ನಾನು ಕೇಳಿದ್ದು," ಎಂದಳು ಅಮ್ಮ. "ದಾಕ್ಷಾಯಿಣಿ ವಿಷಯ ಕೇಳಿದ ಮಾರನೇ ದಿನ, ನೀನು ಮೂಲೆ ಹಿಡಿದು ಕೂತಿದ್ದೆ. ಇವರು ನೋಡಿದ್ರೆ ಪೆಟಾರಿ ಮುಂದೆ ಕೈಕಟ್ಕೊಂಡು ನಿಂತಿದ್ರು. ಹೊಟ್ಟೆ ಉರೀತು. ಈ ಮನುಷ್ಯ ಸಾಯೋದ್ರೊಳಗೆ ಒಂದು ಸಲನಾದ್ರೂ ಮಕ್ಕಳಿಗೋಸ್ಕರ ಸ್ವಂತ ಬುದ್ಧಿ ಓಡಿಸ್ತಾರಾ ದೊಡ್ಡವರೇ, ಅಂತ ಕೇಳಿದ್ದೆ."